ಸಣ್ಣ ದೂರಿಗೆ ಜಾಗವೆಲ್ಲಿ?

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯಿಂದ ಹಿಡಿದು ರಾಮನಗರ, ಮದ್ದೂರು, ಶ್ರೀರಂಗಪಟ್ಟಣದವರೆಗೆ ಹಬ್ಬಿರುವ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಒಂದು ಅಂಗಿ ಹತ್ತಾರು ಕೈ ದಾಟಿದ ಮೇಲೆ ಅಂಗಿಯಾಗುತ್ತದೆ. ಒಬ್ಬಾಕೆ ಕಾಲರ್ ಕೂಡಿಸುತ್ತಾಳೆ, ಮುಂದಿನವಳು ತೋಳು, ಅವಳ ಮುಂದಿನವಳು ಗುಂಡಿಪಟ್ಟಿ. ಯಾವ ಹೊಲಿಗೆಗೆ ಎಷ್ಟು ಸೆಕೆಂಡ್ ಬೇಕು ಎಂಬ ಲೆಕ್ಕ ಮೊದಲೇ ಆಗಿರುತ್ತದೆ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಬ್ಯಾಚಿನ, ಅಂದರೆ ಹೊಲಿಗೆ ಸಾಲಿನ, ತುದಿಯ ಬೋರ್ಡಿನಲ್ಲಿ ಬರೆದಿರುತ್ತದೆ, ಅದರ ಪಕ್ಕದಲ್ಲಿ ಆದದ್ದೆಷ್ಟು ಎಂದು ಗಂಟೆ ಗಂಟೆಗೂ ತುಂಬುತ್ತಾರೆ. ನಡುವೆ ಒಬ್ಬಳು ಶೌಚಾಲಯಕ್ಕೆಂದು ಎದ್ದರೆ ಅವಳ ಮೇಜಿನ ಮೇಲೆ ಬಂಡಲ್ ಪೇರಿಕೊಳ್ಳುತ್ತದೆ, ಮುಂದಿನವಳು ಕೈಕಟ್ಟಿ ಕೂರಬೇಕಾಗುತ್ತದೆ, ಬೋರ್ಡಿನ ಅಂಕಿ ಇಳಿಯುತ್ತದೆ. ಅದಕ್ಕೇ ಏಳುವ ಮುನ್ನ ಸೂಪರ್‌ವೈಸರನ್ನು ಕೇಳಬೇಕು, ಕೇಳಿದರೆ ಬೈಗುಳ. ಬೈಸಿಕೊಳ್ಳುವುದು ಬೇಡವೆಂದು ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆಂಬುದು ಈ ಉದ್ಯಮದ ಬಗ್ಗೆ ಬರೆದ ಹಲವರು ದಾಖಲಿಸಿರುವ ಸಂಗತಿ. ಈ ಇಡೀ ಒತ್ತಡಕ್ಕೆ ಇಲ್ಲಿನ ಕಾರ್ಮಿಕರು ಇಟ್ಟ ಹೆಸರು ‘ಪ್ರೊಡಕ್ಷನ್ ಟಾರ್ಚರ್’. ಅಕ್ಷರ ಹೆಚ್ಚು ಕಲಿಯದವರ ಬಾಯಲ್ಲೂ ಈ ಎರಡು ಇಂಗ್ಲಿಷ್ ಪದಗಳು ಈಗ ಕನ್ನಡವೇ ಆಗಿವೆ.

ಕೆಲಸದ ಜಾಗದಲ್ಲಿ ಹೆಣ್ಣಿನ ಸುರಕ್ಷತೆಯ ಬಗ್ಗೆ ನಾವು ಆಡುವ ಮಾತು ಸಾಮಾನ್ಯವಾಗಿ ಲೈಂಗಿಕ ಕಿರುಕುಳದಿಂದ, ಅದಕ್ಕಿರುವ ಕಾನೂನಿನಿಂದ, ಸಮಿತಿಯಿಂದ ಶುರುವಾಗುತ್ತದೆ. ಆ ಮಾತು ಬೇಕು. ಆದರೆ ಶೌಚಾಲಯಕ್ಕೆ ಹೋಗಬೇಕು ಎಂದು ಬಾಯಿಬಿಟ್ಟು ಹೇಳಲಾರದವಳು ಅದೇ ಬಾಯಲ್ಲಿ ‘ಸೂಪರ್‌ವೈಸರ್ ನನ್ನ ಮೈಮುಟ್ಟಿದ’ ಎಂದು ಸಮಿತಿಯ ಮುಂದೆ ಹೇಳುತ್ತಾಳೆಂದು ನಾವು ನಿರೀಕ್ಷಿಸುತ್ತಿದ್ದೇವಲ್ಲ, ಆ ನಿರೀಕ್ಷೆಯಲ್ಲೇ ಏನೋ ತಪ್ಪಿದೆ. ಸಣ್ಣ ದೂರಿಗೆ ಜಾಗವಿಲ್ಲದ ಕಡೆ ದೊಡ್ಡ ದೂರು ಹೊರಗೆ ಬರುವುದಿಲ್ಲ. ರಜೆ ಕೇಳಿದ್ದಕ್ಕೆ ಅವಮಾನ, ತಪ್ಪು ಹೊಲಿಗೆಗೆ ಮುಖಕ್ಕೆ ಬಟ್ಟೆ ಎಸೆತ, ಎಲ್ಲರೆದುರು ಕೂಗಾಟ, ಇವುಗಳನ್ನು ಯಾರು ಕೇಳಿಸಿಕೊಳ್ಳುತ್ತಾರೆ, ಕೇಳಿಸಿಕೊಂಡ ಮೇಲೆ ಏನಾಗುತ್ತದೆ, ಹೇಳಿದವಳ ಕೆಲಸ ಉಳಿಯುತ್ತದೆಯೇ? ಒಂದು ಕಾರ್ಖಾನೆ ಸುರಕ್ಷಿತವೋ ಅಲ್ಲವೋ ಎಂಬುದು ಇಲ್ಲಿಯೇ ತೀರ್ಮಾನವಾಗಿಬಿಡುತ್ತದೆ ಎಂಬುದು ಈ ಲೇಖನದ ವಾದ.

ನಮ್ಮ ಕಾನೂನು ಹುಟ್ಟಿದ ಕಥೆಯಲ್ಲೇ ಇದಕ್ಕೆ ಸಾಕ್ಷ್ಯವಿದೆ. ಭಂವರಿ ದೇವಿ ರಾಜಸ್ಥಾನದ ಭಟೇರಿ ಎಂಬ ಹಳ್ಳಿಯವರು, ರಾಜ್ಯ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ‘ಸಾಥಿನ್’, ಅಂದರೆ ಊರಮಟ್ಟದ ಕಾರ್ಯಕರ್ತೆ. ಹಸುಗೂಸೊಂದರ ಮದುವೆ ತಡೆಯಲು ಹೋಗಿದ್ದು ಅವರ ಕೆಲಸದ ಭಾಗ. ಆ ಕೆಲಸಕ್ಕಾಗಿ ಊರಿನ ಪ್ರಬಲರ ಸಿಟ್ಟಿಗೆ ಗುರಿಯಾದ ಅವರ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಆ ಪ್ರಕರಣದ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರಂದು ಮುಖ್ಯ ನ್ಯಾಯಮೂರ್ತಿ ಜೆ.ಎಸ್. ವರ್ಮಾ ನೇತೃತ್ವದ ಪೀಠ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯಲು ವಿಶಾಖಾ ಮಾರ್ಗಸೂಚಿಗಳನ್ನು ಕೊಟ್ಟಿತು. ಈ ಕಥೆಯನ್ನು ನಾವು ಅತ್ಯಾಚಾರದಿಂದ ಆರಂಭಿಸಿ ತೀರ್ಪಿನಲ್ಲಿ ಮುಗಿಸುತ್ತೇವೆ. ಅದಕ್ಕೂ ಮೊದಲು ನಡೆದದ್ದು, ಅಂದರೆ ಹೊಲಮನೆಯ ಹಾದಿಯಲ್ಲಿ ಅವರು ಎದುರಿಸುತ್ತಿದ್ದ ಬೆದರಿಕೆ, ಬಹಿಷ್ಕಾರ, ಅಶ್ಲೀಲ ಮಾತು, ಕಥೆಯಿಂದ ಜಾರಿಹೋಗುತ್ತದೆ. ಹೆಣ್ಣೊಬ್ಬಳನ್ನು ಊರಿನ ಮನೆಮನೆಗೆ ಕಳಿಸಿ ಬಾಲ್ಯವಿವಾಹ ತಡೆಯಲು ಹೇಳಿದ ಇಲಾಖೆ, ಆ ಕೆಲಸ ಅವಳ ಮೇಲೆ ತರುವ ಅಪಾಯವನ್ನು ತನ್ನ ಹೊಣೆ ಎಂದುಕೊಂಡಿರಲಿಲ್ಲ. ಉದ್ಯೋಗ ಕೊಟ್ಟವರು ಆ ಹೊತ್ತಿನಲ್ಲೇ ಕಿವಿಗೊಡಬೇಕಿತ್ತು.

ವಿಶಾಖಾ ತೀರ್ಪಿನಿಂದ ಕಾಯ್ದೆ ಬರಲು 16 ವರ್ಷ ಹಿಡಿಯಿತು. 2013ರ ಡಿಸೆಂಬರ್ 9ರಂದು ಜಾರಿಯಾದ, ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ, 10 ಅಥವಾ ಹೆಚ್ಚು ಜನರಿರುವ ಪ್ರತಿ ಕಡೆ ಆಂತರಿಕ ಸಮಿತಿ ಇರಬೇಕು. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನವರೊಬ್ಬರು. ಅದಕ್ಕಿಂತ ಚಿಕ್ಕ ಕಡೆಗಳಿಗೆ, ಮನೆಗೆಲಸದವರಿಗೆ, ಮಾಲೀಕನ ಮೇಲೇ ದೂರಿದ್ದವರಿಗೆ ಜಿಲ್ಲೆಯಲ್ಲೊಂದು ಸ್ಥಳೀಯ ಸಮಿತಿ. ವಿಚಾರಣೆ 90 ದಿನದೊಳಗೆ ಮುಗಿಯಬೇಕು, ಹೆಸರು ಗುಟ್ಟಾಗಿರಬೇಕು. ಒಳ್ಳೆಯ ಕಾಯ್ದೆ, ಇದರ ಹಿಂದೆ ದೊಡ್ಡ ಹೋರಾಟವಿದೆ. ಆದರೆ ದೂರಿನ ಬಾಗಿಲು ಹೇಗಿದೆ ನೋಡಿ. ಲಿಖಿತ ದೂರು, ಮೂರು ತಿಂಗಳೊಳಗೆ. ನಿಯಮಗಳ ಪ್ರಕಾರ ಆರು ಪ್ರತಿ, ಜೊತೆಗೆ ದಾಖಲೆ, ಸಾಕ್ಷಿಗಳ ಹೆಸರು, ವಿಳಾಸ. ಬರೆಯಲಾಗದಿದ್ದರೆ ಸಮಿತಿಯವರು ನೆರವಾಗಬೇಕೆಂಬ ಮಾತೂ ಕಾಯ್ದೆಯಲ್ಲಿದೆ, ನಿಜ. ಆದರೂ ಬ್ಯಾಚಿನಲ್ಲಿ ಕೂತವಳ ಸಾಕ್ಷಿಗಳು ಯಾರು? ಅದೇ ಬ್ಯಾಚಿನ ಹೆಂಗಸರು, ಅದೇ ಸೂಪರ್‌ವೈಸರ್ ಕೈಕೆಳಗಿನವರು. ನಿನ್ನೆಯವರೆಗೆ ಒಂದು ಸಣ್ಣ ಮಾತಿಗೂ ಒಬ್ಬರಿಗೊಬ್ಬರು ನಿಲ್ಲದಂತೆ ಹೆದರಿಸಿ ಇಟ್ಟವರನ್ನು ಇವತ್ತು ಒಮ್ಮೆಲೇ ಸಾಕ್ಷಿ ಹೇಳಿ ಎಂದರೆ ಅವರು ಎಲ್ಲಿಂದ ಧೈರ್ಯ ತರಬೇಕು? 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯ ಜಾರಿಯಲ್ಲಿ ಗಂಭೀರ ಲೋಪಗಳಿವೆ ಎಂದಿತು. ದೇಶದ 30 ಕ್ರೀಡಾ ಒಕ್ಕೂಟಗಳಲ್ಲಿ 16ರಲ್ಲಿ ಸರಿಯಾದ ಸಮಿತಿಯೇ ಇಲ್ಲವೆಂಬ ಪತ್ರಿಕಾ ವರದಿಯನ್ನು ಅದು ಉಲ್ಲೇಖಿಸಿತ್ತು. 2024ರ ಡಿಸೆಂಬರಿನಲ್ಲಿ ಮತ್ತೆ, ಪ್ರತಿ ಜಿಲ್ಲೆಯಲ್ಲಿ ಅಧಿಕಾರಿಯನ್ನು ನೇಮಿಸಿ, ಸ್ಥಳೀಯ ಸಮಿತಿ ರಚಿಸಿ ಎಂದು ಗಡುವು ಕೊಡಬೇಕಾಯಿತು. ಕಾಯ್ದೆ ಬಂದ 11 ವರ್ಷದ ಮೇಲೆ!

ಸಮಿತಿ ಇರುವ ಕಡೆಯೂ ಇನ್ನೊಂದು ಅಂಕಿ ನಮ್ಮನ್ನು ತಪ್ಪುದಾರಿಗೆ ಎಳೆಯುತ್ತದೆ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು ವರ್ಷಕ್ಕೆ ಲೈಂಗಿಕ ಕಿರುಕುಳದ ಎಷ್ಟು ದೂರು ಬಂದವೆಂದು ವಾರ್ಷಿಕ ವರದಿಯಲ್ಲಿ ಹೇಳಬೇಕು. ಎಷ್ಟೋ ವರದಿಗಳಲ್ಲಿ ಅಲ್ಲಿರುವುದು ಸೊನ್ನೆ. ಸಾವಿರಾರು ಜನ ಕೆಲಸ ಮಾಡುವ ಕಡೆಯ ಆ ಸೊನ್ನೆಯನ್ನು ಆಡಳಿತ ಮಂಡಳಿಗಳು ಹೆಮ್ಮೆಯ ಸಂಗತಿಯಾಗಿ ಓದುತ್ತವೆ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ನಡೆಸಿದ ಒಂದು ಅಧ್ಯಯನವನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಒಳ್ಳೆಯ ಮುಂದಾಳುವಿರುವ, ಹೊಂದಾಣಿಕೆಯಿರುವ ವಾರ್ಡುಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳು ಕಡಿಮೆ ಇರುತ್ತವೆಂದು ಅವರು ಎಣಿಸಿದ್ದರು. ಲೆಕ್ಕ ತೆಗೆದಾಗ ಅಂಥ ವಾರ್ಡುಗಳಲ್ಲೇ ಹೆಚ್ಚು ತಪ್ಪು ದಾಖಲಾಗಿದ್ದವು. ಕಾರಣ ಹುಡುಕುತ್ತ ಹೋದಂತೆ ತಿಳಿದದ್ದು, ಅಲ್ಲಿನ ದಾದಿಯರು ತಪ್ಪಾದಾಗ ಹೆದರದೆ ಹೇಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು ಎಂಬುದು. ಕಿರುಕುಳದ ವಿಷಯದಲ್ಲೂ ಹಾಗೇ. ಸಾವಿರ ಹೆಂಗಸರ ಕಾರ್ಖಾನೆಯಿಂದ ವರ್ಷವಿಡೀ ಒಂದೇ ಒಂದು ದೂರು ಬರದಿದ್ದರೆ ಲೇಬರ್ ಇಲಾಖೆಗೆ ಮೊದಲು ಅನುಮಾನ ಬರಬೇಕಾದ್ದು ಆ ಕಾರ್ಖಾನೆಯ ಮೇಲೆ.

ಮಾತಿನ ವಿಷಯಕ್ಕೆ ಬರೋಣ, ಇದು ಕನ್ನಡದ ವಿಷಯವೂ ಹೌದು. ನಮ್ಮ ಭಾಷೆಯಲ್ಲಿ ಎದುರಿಗಿರುವವರನ್ನು ಕರೆಯುವಾಗಲೇ ಅವರ ಸ್ಥಾನ ನಿಗದಿಯಾಗುತ್ತದೆ. ‘ನೀವು’ ಎಂದರೆ ಒಂದು ಎತ್ತರ, ‘ನೀನು’ ಎಂದರೆ ಇನ್ನೊಂದು, ‘ಏ, ಬಾರೇ ಇಲ್ಲಿ’ ಎಂದರೆ ನೆಲ. ಮನೆಯಲ್ಲಿ, ಗೆಳೆತನದಲ್ಲಿ ಏಕವಚನ ಸಲಿಗೆಯ ಸವಿ. ಅದೇ ಏಕವಚನ 25ರ ಸೂಪರ್‌ವೈಸರ್ ಬಾಯಿಂದ 45ರ ಟೈಲರ್‌ಗೆ ಬಂದಾಗ, ತಿರುಗಿ ಅವಳು ‘ಸರ್’ ಎನ್ನಲೇಬೇಕಾದಾಗ, ಅದು ಸಲಿಗೆಯಲ್ಲ. ‘ನಮ್ಮ ಕಡೆ ಮಾತೇ ಹಾಗೆ, ಒರಟು, ಮನಸ್ಸು ಒಳ್ಳೆಯದು’ ಎಂಬ ಸಮಜಾಯಿಷಿ ಕಾರ್ಖಾನೆಗಳಲ್ಲಷ್ಟೇ ಅಲ್ಲ, ಪೊಲೀಸ್ ಠಾಣೆ, ಹೋಟೆಲ್ ಅಡುಗೆಮನೆ, ಸರ್ಕಾರಿ ಕಚೇರಿ, ಎಲ್ಲ ಕಡೆ ಸಿಗುತ್ತದೆ. ಮಾತಿನ ಒರಟುತನ ನಿಜವಾಗಿಯೂ ಊರಿನ ಗುಣವಾಗಿದ್ದರೆ ಅದು ಎಲ್ಲ ದಿಕ್ಕಿಗೂ ಹರಿಯಬೇಕಿತ್ತು. ವಿದೇಶದ ಬೈಯರ್ ಫ್ಲೋರಿಗೆ ಬಂದ ದಿನ ಅದೇ ನಾಲಗೆ ಎಷ್ಟು ಮೃದುವಾಗುತ್ತದೆ! ಮ್ಯಾನೇಜರ್ ಎದುರು ಯಾರೂ ಮನಸ್ಸಿನ ಒಳ್ಳೆಯತನವನ್ನು ಬೈಗುಳದಲ್ಲಿ ತೋರಿಸುವುದಿಲ್ಲ. ಒರಟು ಮಾತು ಕೆಳಮುಖವಾಗಿಯೇ ಹರಿಯುತ್ತದೆ, ಜಾತಿಯ ಇಳಿಜಾರು ಸಿಕ್ಕರೆ ಇನ್ನಷ್ಟು ರಭಸದಿಂದ. ಎಲ್ಲರನ್ನೂ ಬಹುವಚನದಲ್ಲಿ ಮಾತಾಡಿಸಬೇಕೆಂಬ ಒಂದು ನಿಯಮಕ್ಕೆ ಕಂಪನಿಗೆ ಒಂದು ಪೈಸೆಯ ಖರ್ಚಿಲ್ಲ. ಬಹುವಚನದಲ್ಲಿ ಬೈಯುವುದೂ ಸಾಧ್ಯ, ಒಪ್ಪುತ್ತೇನೆ. ಆದರೆ ಮೈಮೇಲೆ ಕೈಹಾಕುವ ಮುನ್ನ ನಾಲಗೆ ಎಷ್ಟೋ ಮೆಟ್ಟಿಲು ಇಳಿದಿರುತ್ತದೆ. ಮೊದಲ ಮೆಟ್ಟಿಲಲ್ಲೇ ತಡೆ ಬೇಕು.

ಇಲ್ಲಿ ಮಾಲೀಕರ ಕಡೆಯಿಂದ ಬರುವ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಶಿಪ್‌ಮೆಂಟ್ ತಪ್ಪಿದರೆ ವಿಮಾನದಲ್ಲಿ ಕಳಿಸಬೇಕು, ಲಾಭವೆಲ್ಲ ಅಲ್ಲೇ ಕರಗುತ್ತದೆ. ಬ್ರ್ಯಾಂಡ್‌ಗಳು ಬೆಲೆ ಏರಿಸುವುದಿಲ್ಲ, ಗಡುವು ಮಾತ್ರ ಬಿಗಿಯಾಗುತ್ತ ಹೋಗುತ್ತದೆ. ಆರ್ಡರ್ ಬಾಂಗ್ಲಾದೇಶಕ್ಕೆ ಹೋದರೆ ಕೆಲಸವೇ ಇರುವುದಿಲ್ಲ, ಆಗ ಗೌರವ ಯಾರಿಗೆ ಎಂದು ಅವರು ಕೇಳುತ್ತಾರೆ. ಒತ್ತಡ ನಿಜ. ಸೂಪರ್‌ವೈಸರ್ ಕೂಡ ಅದರ ಕೆಳಗೆ ನರಳುವವನೇ. ಹೊಲಿಗೆಯಲ್ಲಿ ಚುರುಕು ಎಂಬ ಕಾರಣಕ್ಕೆ ಮೇಲೆ ಬಂದವನಿಗೆ ಅರುವತ್ತು ಜನರನ್ನು ನಡೆಸುವುದು ಹೇಗೆಂದು ಯಾರೂ ಕಲಿಸಿರುವುದಿಲ್ಲ. ಗಂಟೆಯ ಅಂಕಿ ಇಳಿದರೆ ಅವನಿಗೂ ಮೇಲಿನಿಂದ ಬೈಗುಳ ಕಾದಿರುತ್ತದೆ, ಅವನ ಕೈಯಲ್ಲಿರುವ ಏಕೈಕ ಉಪಕರಣ ಗಂಟಲು. ಆದ್ದರಿಂದ ಅವನಿಗೊಂದು ಉಪನ್ಯಾಸ ಕೊಡಿಸಿ, ಗೋಡೆಗೊಂದು ಪೋಸ್ಟರ್ ಹಚ್ಚಿದರೆ ಏನೂ ಆಗದು. ಟಾರ್ಗೆಟ್ ಲೆಕ್ಕ ಹಾಕುವಾಗಲೇ ಶೌಚಾಲಯಕ್ಕೆ ಹೋಗುವ ನಿಮಿಷಗಳು ಅದರಲ್ಲಿ ಸೇರಿರಬೇಕು. ಪ್ರತಿ ಬ್ಯಾಚಿಗೆ ಎಲ್ಲ ಹೊಲಿಗೆ ಬಲ್ಲ ಹೆಚ್ಚುವರಿ ಟೈಲರ್ ಒಬ್ಬರಿದ್ದರೆ ಎದ್ದವಳ ಜಾಗದಲ್ಲಿ ಅವರು ಕೂರುತ್ತಾರೆ. ಆಗ ಎದ್ದು ಹೋಗುವುದು ಅನುಮತಿಯ ವಿಷಯವಾಗಿ ಉಳಿಯುವುದೇ ಇಲ್ಲ. ಬೈಗುಳದ ಅರ್ಧ ಭಾಗ ಹುಟ್ಟುವುದು ಕೆಟ್ಟ ಮನಸ್ಸಿನಿಂದಲ್ಲ, ಮನುಷ್ಯರಿಗೆ ಮೂತ್ರಕೋಶ ಇದೆ ಎಂಬುದನ್ನು ಮರೆತ ಲೆಕ್ಕದಿಂದ.

ಗೌರವಕ್ಕೆ ತೆರಬೇಕಾದ ಬೆಲೆ ಉತ್ಪಾದನೆಯಲ್ಲಿ ಕಳೆಯುತ್ತದೆ ಎಂಬ ಊಹೆಗೂ ಗಟ್ಟಿ ಆಧಾರವಿಲ್ಲ. ಬೆಂಗಳೂರಿನದೇ ಐದು ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನ್ಯಶಾಧಂ ಒಂದು ಪ್ರಯೋಗ ನಡೆಸಿದರು. ಮಾತುಕತೆ, ಸಮಸ್ಯೆ ಬಗೆಹರಿಸುವುದು, ಸಮಯ ನಿರ್ವಹಣೆ ಇಂಥ ಕೌಶಲಗಳ ತರಬೇತಿಗೆ ಮಹಿಳೆಯರನ್ನು ಲಾಟರಿ ಮೂಲಕ ಆರಿಸಿ, ಉಳಿದವರೊಂದಿಗೆ ಹೋಲಿಸಿದರು. ತರಬೇತಿ ಪಡೆದವರ ಉತ್ಪಾದಕತೆ ಉಳಿದವರಿಗಿಂತ ಗಮನಾರ್ಹವಾಗಿ ಹೆಚ್ಚಿತು, ಕಂಪನಿ ಹಾಕಿದ ಹಣ ಕೆಲವೇ ತಿಂಗಳಲ್ಲಿ ಹಲವು ಪಟ್ಟಾಗಿ ಮರಳಿತು. ಬಾಯಿಬಿಟ್ಟು ಮಾತಾಡಬಲ್ಲವಳು, ‘ಈ ಬಂಡಲ್‌ನಲ್ಲಿ ಅಳತೆ ತಪ್ಪಿದೆ’ ಎಂದು ಸಮಯಕ್ಕೆ ಹೇಳಬಲ್ಲವಳು, ಕಾರ್ಖಾನೆಗೂ ಲಾಭ ಎಂದು ನಾನು ಇದನ್ನು ಓದುತ್ತೇನೆ. ಆದರೆ ಈ ಸಾಕ್ಷ್ಯವನ್ನು ಅತಿಯಾಗಿ ಎಳೆಯಬಾರದು. ಮಾತಾಡಲು ಕಲಿಸುವುದು ಒಂದು, ಮಾತಾಡಿದವಳನ್ನು ಕೇಳಿಸಿಕೊಳ್ಳುವುದು ಇನ್ನೊಂದು. ಮೊದಲನೆಯದರ ಭಾರವೆಲ್ಲ ಹೆಣ್ಣಿನ ಮೇಲೆ. ಎರಡನೆಯದು ಕಂಪನಿಯ ಮೇಲೆ. ಲಾಭ ಬಾರದಿದ್ದರೂ ಎರಡನೆಯದು ಅವರ ಹೊಣೆಯೇ.

ಆ ಎರಡನೆಯದು ಹೇಗಿರಬಹುದು ಎಂಬುದಕ್ಕೆ ನಮ್ಮ ನೆರೆಯಲ್ಲೇ ಉದಾಹರಣೆಯಿದೆ. 2021ರ ಜನವರಿಯಲ್ಲಿ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ದಲಿತ ಯುವತಿಯ ಕೊಲೆಯಾಯಿತು. ಆರೋಪ ಬಂದದ್ದು ಅವಳ ಸೂಪರ್‌ವೈಸರ್ ಮೇಲೆ. ಕೊಲೆಗೆ ಮುನ್ನ ತಿಂಗಳುಗಟ್ಟಲೆ ಅವನು ಅವಳಿಗೆ ಕಿರುಕುಳ ಕೊಡುತ್ತಿದ್ದನೆಂದು ಮನೆಯವರೂ ಜೊತೆಗಾರರೂ ಹೇಳಿದರು. ಜೊತೆಯವರಿಗೆ ಗೊತ್ತಿತ್ತು, ಹೇಳಲು ಜಾಗವಿರಲಿಲ್ಲ. ಭಟೇರಿಯ ಕಥೆಯೇ ಮೂರು ದಶಕದ ನಂತರ ಇನ್ನೊಂದು ರೂಪದಲ್ಲಿ. ಆಮೇಲೆ ನಡೆದದ್ದು ಮಾತ್ರ ಬೇರೆ. ದಲಿತ ಮಹಿಳೆಯರೇ ಮುಂದಾಳುಗಳಾಗಿರುವ ತಮಿಳುನಾಡು ಟೆಕ್ಸ್‌ಟೈಲ್ ಅಂಡ್ ಕಾಮನ್ ಲೇಬರ್ ಯೂನಿಯನ್ ಪಟ್ಟು ಹಿಡಿಯಿತು. 2022ರ ಏಪ್ರಿಲ್‌ನಲ್ಲಿ ಕಾರ್ಖಾನೆಯ ಒಡೆತನದ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಯೂನಿಯನ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು, ಎಚ್ ಅಂಡ್ ಎಂ, ಆಮೇಲೆ ಗ್ಯಾಪ್, ಪಿವಿಎಚ್ ಕೂಡ ಜೊತೆಯಾದವು. ಒಪ್ಪಂದ ಮುರಿದರೆ ಬ್ರ್ಯಾಂಡ್‌ಗಳು ಆರ್ಡರ್ ವಿಷಯದಲ್ಲಿ ಕ್ರಮ ಕೈಗೊಳ್ಳಬೇಕಿತ್ತು, ಹಾಗಾಗಿ ಕಾಗದಕ್ಕೆ ಹಲ್ಲಿತ್ತು. ಅದರ ಹೃದಯವಿದ್ದದ್ದು ‘ಶಾಪ್ ಫ್ಲೋರ್ ಮಾನಿಟರ್’ ಎಂಬ ವ್ಯವಸ್ಥೆಯಲ್ಲಿ. ಸುಮಾರು 25 ಕಾರ್ಮಿಕರಿಗೆ ಒಬ್ಬರಂತೆ, ಅವರ ನಡುವೆಯೇ ಹೊಲಿಯುವ, ಯೂನಿಯನ್ ತರಬೇತಿ ಕೊಟ್ಟ ಮಹಿಳೆ. ಕೂಗಾಟ, ಟಾರ್ಗೆಟ್ ಒತ್ತಡ, ಜಾತಿ ಎತ್ತಿ ಆಡಿದ ಮಾತು, ಏನೇ ಇದ್ದರೂ ಅವಳ ಕಿವಿಗೆ ಹಾಕಬಹುದಿತ್ತು. ಆರು ಪ್ರತಿ ಬೇಕಿರಲಿಲ್ಲ. ಮೊದಲ ವರ್ಷದಲ್ಲಿ 185 ದೂರುಗಳು ಬಂದವು, ಬಹುತೇಕ ಎಲ್ಲವೂ ಬಗೆಹರಿದವು, ಹೆಚ್ಚಿನವು ವಾರದೊಳಗೆ. ಅವುಗಳಲ್ಲಿ ಲಿಂಗಾಧಾರಿತ ಕಿರುಕುಳದವು ಒಂದು ಪಾಲು ಮಾತ್ರ, ಉಳಿದವು ದಿನನಿತ್ಯದವು. 185 ಎಂಬ ಈ ಅಂಕಿಯನ್ನು ವಾರ್ಷಿಕ ವರದಿಗಳ ಸೊನ್ನೆಯ ಪಕ್ಕ ಬರೆದು ನೋಡಿದರೆ ಎಲ್ಲಿ ಕೆಲಸ ಮಾಡಲು ಮಗಳನ್ನು ಕಳಿಸುವಿರಿ ಎಂಬುದಕ್ಕೆ ಹೆಚ್ಚು ಯೋಚನೆ ಬೇಡ.

‘ದೂರಿಗೆ ಇಷ್ಟು ಸಲೀಸು ದಾರಿ ಮಾಡಿಕೊಟ್ಟರೆ ಸುಳ್ಳು ದೂರಿನ ಮಳೆಯಾಗುತ್ತದೆ’ ಎಂಬ ಭಯ ಗಂಡಸರಲ್ಲಿದೆ. ಎಲ್ಲರದೂ ನೆಪವಲ್ಲ, ಹೆಸರು ಕೆಟ್ಟರೆ ಮರಳಿ ಪಡೆಯುವುದು ಕಷ್ಟವೆಂದು ಪ್ರಾಮಾಣಿಕವಾಗಿ ಹೆದರುವವರಿದ್ದಾರೆ. 2013ರ ಕಾಯ್ದೆಯೇ ದುರುದ್ದೇಶದ ದೂರಿಗೆ ಶಿಕ್ಷೆ ಹೇಳಿದೆ, ಜೊತೆಗೆ ಸಾಬೀತು ಮಾಡಲಾಗದ ಮಾತ್ರಕ್ಕೆ ದೂರು ದುರುದ್ದೇಶದ್ದಾಗುವುದಿಲ್ಲ ಎಂದೂ ಸ್ಪಷ್ಟಪಡಿಸಿದೆ. ಅದಕ್ಕಿಂತ ಮುಖ್ಯವಾಗಿ, ನಿರಪರಾಧಿ ಸೂಪರ್‌ವೈಸರ್‌ಗೂ ಸಣ್ಣ ದೂರಿನ ವ್ಯವಸ್ಥೆಯೇ ಹೆಚ್ಚು ಕ್ಷೇಮ. ಮಾತು ಮೊದಲ ದಿನವೇ ಹೊರಬಿದ್ದರೆ ತಪ್ಪು ತಿಳಿವಳಿಕೆ ಅಂದೇ ತಿಳಿಯಾಗುತ್ತದೆ, ಕೆಟ್ಟ ಅಭ್ಯಾಸ ಅಂದೇ ತಿದ್ದಿಕೊಳ್ಳುತ್ತದೆ. ವರ್ಷಗಟ್ಟಲೆ ಅದುಮಿಟ್ಟದ್ದು ಒಮ್ಮೆಲೇ ಸಿಡಿದಾಗ ವಿಚಾರಣೆಯಲ್ಲಿ ಇಬ್ಬರಿಗೂ ಸಮಾಧಾನ ಸಿಗುವುದಿಲ್ಲ. ಇನ್ನೊಂದು ಮಾತೂ ಕೇಳಿಬರುತ್ತದೆ, ಹಳ್ಳಿಯಿಂದ ಬಂದ ಹೆಂಗಸರು ಸ್ವಭಾವತಃ ಬಾಯಿಬಿಡುವವರಲ್ಲ ಎಂದು. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರು ನೋಡಿದ್ದನ್ನು ಹೀಗೆ ಹೇಳುವವರು ಮರೆತಿದ್ದಾರೆ. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಬದಲಿಸಿದಾಗ, ಮಗಳ ಮದುವೆಗೋ ಸಾಲಕ್ಕೋ ಆ ದುಡ್ಡನ್ನೇ ನಂಬಿದ್ದ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಯಾವ ದೊಡ್ಡ ನಾಯಕರ ಕರೆಯೂ ಇಲ್ಲದೆ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು, ಲಾಠಿ ಏಟು ತಿಂದರು. ಎರಡೇ ದಿನದಲ್ಲಿ ಕೇಂದ್ರ ನಿಯಮವನ್ನು ಹಿಂದಕ್ಕೆ ಪಡೆಯಿತು. ಒಳಗೆ ದಿನವೂ ತಲೆತಗ್ಗಿಸಿ ಹೊಲಿಯುತ್ತಿದ್ದವರು ಇವರೇ. ಅವರಿಗೆ ಗಂಟಲಿಲ್ಲ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಈಗ ನಮ್ಮ ರಾಜ್ಯದ ಮುಂದೆ ಹೊಸದೊಂದು ಪರೀಕ್ಷೆಯಿದೆ. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ಮುಟ್ಟಿನ ರಜೆ ನೀತಿಗೆ ಒಪ್ಪಿಗೆ ಕೊಟ್ಟಿತು. ಸರ್ಕಾರಿ ಕಚೇರಿ, ಐಟಿ ಕಂಪನಿ, ಗಾರ್ಮೆಂಟ್ಸ್ ಎಂಬ ಭೇದವಿಲ್ಲದೆ ತಿಂಗಳಿಗೆ ಒಂದು, ವರ್ಷಕ್ಕೆ 12 ಸಂಬಳಸಹಿತ ರಜೆ. ಒಳ್ಳೆಯ ನಿರ್ಧಾರ, ಮನಸ್ಸಿನಿಂದ ಸ್ವಾಗತಿಸಬೇಕಾದದ್ದು. ಐಟಿ ಕಂಪನಿಯ ಉದ್ಯೋಗಿ ಮೊಬೈಲ್‌ನಲ್ಲಿ ಎರಡು ಗುಂಡಿ ಒತ್ತಿ ಈ ರಜೆ ಪಡೆಯುತ್ತಾಳೆ. ಬ್ಯಾಚಿನಲ್ಲಿರುವವಳು ಇದನ್ನು ಕೇಳಬೇಕಾದ್ದು ಯಾರನ್ನು? ಶೌಚಾಲಯಕ್ಕೆ ಹೋಗಲು ಯಾರನ್ನು ಕೇಳುತ್ತಾಳೋ ಅವನನ್ನೇ, ಅರುವತ್ತು ಜನರ ಎದುರಿಗೇ. ‘ಹೋದ ವಾರ ತಾನೇ ಆಗಿತ್ತಲ್ಲ ನಿಂಗೆ’ ಎಂಬ ಒಂದು ಮಾತು ಸಾಕು, ವರ್ಷದ 12 ರಜೆಯೂ ಕಾಗದದಲ್ಲೇ ಉಳಿಯಲು. ಆ ಮಾತು ಲೈಂಗಿಕ ಕಿರುಕುಳವೋ ಬರೀ ಒರಟು ಮಾತೋ ಎಂದು ಯಾವ ಸಮಿತಿ ಯಾವಾಗ ತೀರ್ಮಾನಿಸುತ್ತದೆ? ಈ ರಜೆ ಸೂಪರ್‌ವೈಸರ್ ಬಾಯಿಯ ಮೂಲಕ ಹಾದುಹೋಗಬಾರದು. ಹಾಜರಿ ಯಂತ್ರದಲ್ಲೋ, ಮಹಿಳಾ ವೆಲ್‌ಫೇರ್ ಅಧಿಕಾರಿಯ ಬಳಿಯೋ, ಕಾರಣ ಕೇಳದೆ ದಾಖಲಾಗುವಂತಿರಬೇಕು. ತಪಾಸಣೆಗೆ ಬರುವ ಲೇಬರ್ ಇನ್‌ಸ್ಪೆಕ್ಟರ್ ಈಗ ಸಮಿತಿಯ ಫೈಲ್ ಇದೆಯೇ ಎಂದು ನೋಡುತ್ತಾರೆ. ಅವರು ಇನ್ನೆರಡು ಕೆಲಸ ಮಾಡಲಿ. ಎಷ್ಟು ಮಹಿಳೆಯರಿದ್ದಾರೆ, ಕಳೆದ ತಿಂಗಳು ಎಷ್ಟು ಜನ ಆ ರಜೆ ಪಡೆದರು ಎಂದು ಬ್ಯಾಚುವಾರು ಲೆಕ್ಕ ಕೇಳಲಿ. ಆಮೇಲೆ ಮ್ಯಾನೇಜರನ್ನು ಹೊರಗೆ ನಿಲ್ಲಿಸಿ, ನಾಲ್ಕನೇ ಮಷೀನಿನಲ್ಲಿ ಕೂತವರ ಪಕ್ಕ ಒಂದು ಸ್ಟೂಲ್ ಎಳೆದುಕೊಂಡು ಕೂತು, ‘ಇವತ್ತು ಎಷ್ಟು ಸಲ ನೀರು ಕುಡಿದಿರಿ?’ ಎಂದು ಕೇಳಲಿ.